ಹಿಂದಿನ ರಾತ್ರಿ ವಿಮಾನ ರದ್ದು: ಪರಿಹಾರ ಕೇಳಬಹುದಾ?

ಪ್ರಶ್ನೆ: ಬೆಂಗಳೂರು–ದೆಹಲಿ, ಬೆಳಗಿನ 6ರ ವಿಮಾನ. ಹಿಂದಿನ ರಾತ್ರಿ 11ಕ್ಕೆ ‘ಆಪರೇಷನಲ್ ಕಾರಣದಿಂದ ರದ್ದು’ ಅಂತ ಎಸ್ಎಂಎಸ್. ಟಿಕೆಟ್ ದುಡ್ಡು ವಾಪಸ್ ಕೊಡ್ತಾರಂತೆ. ಅದರ ಮೇಲೆ ಏನಾದರೂ ಬರುತ್ತಾ?

ಉತ್ತರ 1: ಬರಬೇಕು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ (ಸಿಎಆರ್ ವಿಭಾಗ 3, ಸರಣಿ ಎಂ, ಭಾಗ 4) 24 ಗಂಟೆ ಮೊದಲೇ ತಿಳಿಸದಿದ್ದರೆ ರೀಫಂಡ್ ಜೊತೆ ಪರಿಹಾರವೂ ಇದೆ. ಬ್ಲಾಕ್ ಸಮಯ (ವಿಮಾನ ನಿಂತ ಜಾಗ ಬಿಟ್ಟು ತಲುಪಿದಲ್ಲಿ ನಿಲ್ಲುವವರೆಗಿನ ಸಮಯ) 1 ಗಂಟೆವರೆಗಾದರೆ 5,000 ರೂ., 2 ಗಂಟೆವರೆಗೆ 7,500, ಅದಕ್ಕೂ ಮೇಲೆ 10,000. ದೆಹಲಿ ಕೊನೆಯದಕ್ಕೆ ಸೇರುತ್ತೆ. ಆದರೆ ಏಕಮುಖ ಮೂಲದರ, ಇಂಧನ ಶುಲ್ಕ ಎರಡೂ ಸೇರಿ 4,200 ಆಗಿದ್ದರೆ 4,200 ಮಾತ್ರ. ಯಾವುದು ಕಡಿಮೆಯೋ ಅದು.

ಉತ್ತರ 2: ಕಾರಣವನ್ನು ಇಮೇಲ್‌ನಲ್ಲೇ ಕೇಳಿ. ಹವಾಮಾನ, ಎಟಿಸಿ (ವಾಯು ಸಂಚಾರ ನಿಯಂತ್ರಣ), ಮುಷ್ಕರದಂಥ ಕೈಮೀರಿದ ಕಾರಣಕ್ಕೆ ಪರಿಹಾರವಿಲ್ಲ. ಬರೀ ‘ಆಪರೇಷನಲ್’ ಅಂದರೆ ಯಾವ ಅರ್ಥವೂ ಇಲ್ಲ. ಏಜೆಂಟ್ ಬುಕಿಂಗಲ್ಲಿ ತನ್ನದೇ ನಂಬರ್ ಹಾಕಿದ್ದರೆ ‘ಪ್ರಯಾಣಿಕರ ಸಂಪರ್ಕ ವಿವರ ಇರಲಿಲ್ಲ’ ಅಂತ ವಿಮಾನ ಕಂಪನಿಯವರು ಜಾರಿಕೊಳ್ಳುತ್ತಾರೆ, ಪಿಎನ್‌ಆರ್‌ನಲ್ಲಿ (ಬುಕಿಂಗ್ ದಾಖಲೆ) ಯಾರ ನಂಬರ್ ಇದೆ ನೋಡಿಕೊಳ್ಳಿ. ದೂರು ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ (ದೂರು ನೋಡಿಕೊಳ್ಳುವವರು), ಆಮೇಲೆ ಮೇಲ್ಮನವಿ ಅಧಿಕಾರಿಗೆ, ಏರ್‌ಸೇವಾಗೆ (ಸರ್ಕಾರದ ವಿಮಾನಯಾನ ದೂರು ಪೋರ್ಟಲ್). ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎಸ್ಎಂಎಸ್ ಬಂದ ಸಮಯ ಕಾಣುವ ಸ್ಕ್ರೀನ್‌ಶಾಟ್ ಅಳಿಸಬೇಡಿ.

ಉತ್ತರ 3: ಬರೀ ತಡವಾದರೆ ಈ ನಗದು ಇಲ್ಲ. ಊಟ-ತಿಂಡಿ ಕೊಡಬೇಕು, ರಾತ್ರಿ 8ರಿಂದ 3ರೊಳಗೆ ಹೊರಡಬೇಕಾದದ್ದು 6 ಗಂಟೆ ಮೀರಿ ತಡವಾದರೆ ಹೋಟೆಲ್ ಕೂಡ.