ಮನೆಯಲ್ಲೇ ಮಾಡಿದ ಮೇಜಿಗೆ ಬಾಳಿಕೆಯ ಬಣ್ಣ ಯಾವುದು?

ಪ್ರಶ್ನೆ:
ಮಗಳ ಓದಿಗಾಗಿ ಮಾವಿನ ಹಲಗೆಯಲ್ಲಿ ಮೇಜೊಂದನ್ನು ನಾನೇ ಮಾಡಿದ್ದೇನೆ. ನಮ್ಮದು ತೀರ್ಥಹಳ್ಳಿಯ ಕಡೆಯ ಊರಾದ್ದರಿಂದ ಮಳೆಗಾಲದಲ್ಲಿ ಮನೆಯೊಳಗೂ ತೇವ ಆರುವುದಿಲ್ಲ. ಹಿಂದೆ ಬಿಳಿ ಆಯಿಲ್ ಪೇಂಟ್ ಬಳಿದಿದ್ದ ಸ್ಟೂಲು ಎರಡೇ ವರ್ಷದಲ್ಲಿ ಹಳದಿಗಟ್ಟಿ, ಅಂಚುಗಳಲ್ಲಿ ಬಣ್ಣ ಎದ್ದುಬಂದಿತು. ಈ ಮೇಜಿಗೆ ಬಹುಕಾಲ ಬಾಳುವ ತಿಳಿ ಬಣ್ಣ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಹಳದಿಗಟ್ಟುವುದು ಆಯಿಲ್ ಪೇಂಟಿನ ಸ್ವಭಾವ. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಅದು ಇನ್ನೂ ಬೇಗ ಕಾಣಿಸುತ್ತದೆ. ತಿಳಿ ಬಣ್ಣಕ್ಕೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಎನಾಮೆಲ್ ಸೂಕ್ತ. ಆದರೆ ಬಣ್ಣ ಏಳುವುದಕ್ಕೆ ಬಹುತೇಕ ಅಡಿಯ ತಯಾರಿಯ ಕೊರತೆಯೇ ಕಾರಣ. 120ನೇ ನಂಬರಿನ ಉಪ್ಪುಕಾಗದದಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಆರಂಭಿಸಿ 180ರವರೆಗೆ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಚೂಪು ಅಂಚುಗಳ ಮೇಲೆ ಬಣ್ಣ ತೆಳುವಾಗಿ ನಿಲ್ಲುವುದರಿಂದ ಅವನ್ನು ತುಸು ದುಂಡಗಾಗಿಸಿ, ಧೂಳನ್ನು ಪೂರ್ತಿ ಒರೆಸಿದ ಮೇಲೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪವಾದ ವುಡ್ ಪ್ರೈಮರ್ ಬಳಿಯಿರಿ. ಕೊಯ್ದ ತುದಿಗಳು ತೇವವನ್ನು ಹೆಚ್ಚು ಹೀರುತ್ತವೆ, ಅಲ್ಲಿಗೆ ಎರಡು ಸಲ ಬೇಕು. ಮೇಜಿನ ಅಡಿಭಾಗವನ್ನು ಬಿಡಬೇಡಿ; ಒಂದೇ ಬದಿ ಮುಚ್ಚಿದ ಹಲಗೆ ಬಾಗುವ ಸಂಭವವಿದೆ.

ಉತ್ತರ 2:
ಎರಡು ಡಬ್ಬಿಗಳನ್ನು ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಬಣ್ಣ ಇನ್ನೂ ಗಟ್ಟಿ. ಆದರೆ ಬಣ್ಣವನ್ನು ಗಟ್ಟಿಗೊಳಿಸಲು ಬೆರೆಸುವ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಉಸಿರಾಟಕ್ಕೆ ಅಪಾಯಕಾರಿಯಾದ್ದರಿಂದ, ಮಕ್ಕಳಿರುವ ಮನೆಯೊಳಗೆ ಅದನ್ನು ಸ್ಪ್ರೇ ಮಾಡಲೇಬೇಡಿ.

ಉತ್ತರ 3:
ಮಳೆ ನಿಂತು ಹಲಗೆ ಚೆನ್ನಾಗಿ ಒಣಗುವವರೆಗೂ ಕಾಯಿರಿ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಮೂರು ಪದರಗಳು ಮೇಲು. ಮುಟ್ಟಿದರೆ ಒಣಗಿದಂತೆ ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಲು ಕೆಲವು ವಾರಗಳೇ ಬೇಕಾಗುತ್ತವೆ. ಅಷ್ಟರೊಳಗೆ ಪುಸ್ತಕಗಳನ್ನಿಟ್ಟರೆ ಅಂಟಿಕೊಳ್ಳುತ್ತವೆ.