ಇಕಾಲುಯಿಟ್‌ನ ಹಸಿವು: ಅಕ್ಕಿ-ಬೇಳೆ ಕಳಿಸುವುದೋ, ಅಲ್ಲಿನ ಆಹಾರ ಕೇಂದ್ರಕ್ಕೆ ಹಣ ಕಳಿಸುವುದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಒಟ್ಟಾವಾದಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಇಲ್ಲಿನ ಹದಿನಾಲ್ಕು ಕನ್ನಡ ಕುಟುಂಬಗಳು ಸೇರಿ ಪ್ರತಿ ನವೆಂಬರಿನಲ್ಲಿ ಒಂದಿಷ್ಟು ಹಣ ಕೂಡಿಸಿ ಯಾವುದಾದರೊಂದು ಒಳ್ಳೆಯ ಕೆಲಸಕ್ಕೆ ಕೊಡುತ್ತಾ ಬಂದಿದ್ದೇವೆ. ಈ ವರ್ಷ ಕೆನಡಾದ ಉತ್ತರ ತುದಿಯ ಪ್ರಾಂತ್ಯವಾದ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಲ್ಲಿ ಜನ ಹಸಿದಿರುತ್ತಾರೆಂಬ ಮಾತು ಸಭೆಯಲ್ಲಿ ಬಂದಾಗ, ಅಲ್ಲಿಗೇ ಕೊಡೋಣ ಎಂದು ಎಲ್ಲರೂ ಒಪ್ಪಿದರು. ಹೇಗೆ ಕೊಡಬೇಕೆಂಬುದರಲ್ಲಿ ಮಾತ್ರ ಎರಡು ಅಭಿಪ್ರಾಯಗಳಾಗಿವೆ. ಅಕ್ಕಿ, ಬೇಳೆ, ಹಿಟ್ಟು, ಹಾಲಿನಪುಡಿ ಕೊಂಡು ಪೆಟ್ಟಿಗೆ ಕಟ್ಟಿ ವಿಮಾನದಲ್ಲಿ ಕಳಿಸಿದರೆ ನಾವು ಕೊಟ್ಟದ್ದು ನೇರವಾಗಿ ಹಸಿದವರ ಕೈಸೇರುತ್ತದೆ ಎನ್ನುವವರು ಕೆಲವರು. ಅಲ್ಲಿ ಕಾಜುಕ್ತುರ್ವಿಕ್ ಎಂಬ ಸಮುದಾಯ ಆಹಾರ ಕೇಂದ್ರವಿದೆ, ಅದಕ್ಕೆ ಹಣ ಕೊಟ್ಟರಾಯಿತು ಎನ್ನುವವರು ಇನ್ನು ಕೆಲವರು.

ನನಗೆ ಬಗೆಹರಿಯದಿರುವುದು ಎರಡು ಸಂಗತಿಗಳು. ಅಂಗಡಿಗಳಲ್ಲಿ ಸಾಮಾನು ತುಂಬಿರುವ ಊರಿನಲ್ಲಿ ಇಷ್ಟು ಜನ ಹಸಿದಿರಲು ಕಾರಣವೇನು? ಮಧ್ಯಾಹ್ನದ ಊಟ ಬಡಿಸುವ ಕೇಂದ್ರವೊಂದು ಆ ಹಸಿವನ್ನು ನಿಜವಾಗಿ ತಗ್ಗಿಸಬಲ್ಲದೇ, ಅಥವಾ ಅದೂ ಒಂದು ದಿನದ ಮಟ್ಟಿನ ಪರಿಹಾರವೇ? ಅಲ್ಲಿ ಇದ್ದು ಬಂದವರು, ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಿರಿ. ಆರು ಚೀಲ ಅಕ್ಕಿಯನ್ನು ಆಗಲೇ ಕೊಂಡಾಗಿದೆ, ಆದ್ದರಿಂದ ಸ್ವಲ್ಪ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮಾನ್ಯರೇ, ನಾನು ಲೆಕ್ಕಪತ್ರದ ಕೆಲಸದ ಮೇಲೆ ಇಕಾಲುಯಿಟ್‌ನಲ್ಲಿ ಮೂರು ವರ್ಷ ಇದ್ದೆ. ಆ ಅವಧಿಯಲ್ಲಿ ಬಿಡುವಿದ್ದಾಗಲೆಲ್ಲ ನೀವು ಹೇಳಿದ ಆಹಾರ ಕೇಂದ್ರದಲ್ಲಿ ಅಡುಗೆಗೆ ಕೈಜೋಡಿಸಿದ್ದರಿಂದ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಮೊದಲು ಊರಿನ ಸ್ಥಿತಿ. ಇಕಾಲುಯಿಟ್ ಬ್ಯಾಫಿನ್ ದ್ವೀಪದಲ್ಲಿದೆ. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 7,429. ಒಟ್ಟಾವಾದಿಂದ ಸುಮಾರು 2,100 ಕಿಲೋಮೀಟರ್ ದೂರದ ಆ ಊರಿಗೆ ಹೊರಗಿನಿಂದ ಒಂದೇ ಒಂದು ರಸ್ತೆಯಿಲ್ಲ. ಸಮುದ್ರ ಹೆಪ್ಪುಗಟ್ಟಿರುವ ತಿಂಗಳುಗಳಲ್ಲಿ ಹಡಗೂ ಬರುವುದಿಲ್ಲ, ಹಾಲು, ಮೊಟ್ಟೆ, ತರಕಾರಿ ಎಲ್ಲವೂ ವಿಮಾನದಲ್ಲೇ ಬರಬೇಕು. ಎಷ್ಟೋ ವಸ್ತುಗಳ ಬೆಲೆ ಒಟ್ಟಾವಾದ ದುಪ್ಪಟ್ಟು. ಸಂಬಳದ ಜೊತೆಗೆ ಉತ್ತರದ ಭತ್ಯೆ ಪಡೆಯುತ್ತಿದ್ದ ನನ್ನಂಥವರಿಗೆ ಆ ಬೆಲೆ ತಟ್ಟುತ್ತಿರಲಿಲ್ಲ. ಸರ್ಕಾರದ ನೆರವಿನ ಹಣವನ್ನೇ ನಂಬಿದ, ಮೂರು ತಲೆಮಾರು ಒಂದೇ ಸಣ್ಣ ಮನೆಯಲ್ಲಿ ಬದುಕುವ ಸಂಸಾರಕ್ಕೆ ಅದು ತಟ್ಟುವ ರೀತಿಯೇ ಬೇರೆ. ಅಂಗಡಿಯಲ್ಲಿ ಸಾಮಾನು ಇರುತ್ತದೆ, ತಿಂಗಳ ಕೊನೆಯ ಹತ್ತು ದಿನ ಅದನ್ನು ಕೊಳ್ಳುವ ಹಣ ಇರುವುದಿಲ್ಲ.

ಆದರೆ ಬೆಲೆಯೊಂದನ್ನೇ ನೋಡಿದರೆ ಅಲ್ಲಿನ ಹಸಿವು ಅರ್ಧ ಮಾತ್ರ ಅರ್ಥವಾಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ತಲೆತಲಾಂತರದಿಂದ ಸೀಲ್, ಕ್ಯಾರಿಬೂ ಸಾರಂಗ, ತಿಮಿಂಗಿಲ, ಚಾರ್ ಮೀನು ತಿಂದು ಬದುಕಿದವರು. ಊರಿನ ಹೆಸರಿನ ಅರ್ಥವೇ ಮೀನು ಹೇರಳವಾಗಿರುವ ಜಾಗ ಎಂದು. ಈಗ ಬೇಟೆಗೆ ಹೋಗಬೇಕಾದರೆ ಸ್ನೋಮೊಬೈಲ್ ಬೇಕು, ಪೆಟ್ರೋಲ್ ಬೇಕು, ಗುಂಡು ಬೇಕು, ಕೆಟ್ಟುಹೋದ ಭಾಗಗಳನ್ನು ತರಿಸಿಕೊಳ್ಳಲು ಹಣ ಬೇಕು. ಕೆಲಸವಿಲ್ಲದವನಿಗೆ ಬೇಟೆಗೆ ಸಮಯವಿದೆ, ಹಣವಿಲ್ಲ. ಕೆಲಸವಿರುವವನಿಗೆ ಹಣವಿದೆ, ಸಮಯವಿಲ್ಲ. ಸಾಲದ್ದಕ್ಕೆ ಬ್ಯಾಫಿನ್ ದ್ವೀಪದಲ್ಲಿ ಕ್ಯಾರಿಬೂ ತೀರಾ ಕಡಿಮೆಯಾಗಿ 2015ರ ಜನವರಿಯಲ್ಲಿ ಅದರ ಬೇಟೆಯನ್ನೇ ನಿಲ್ಲಿಸಲಾಯಿತು; ಅದೇ ವರ್ಷದ ಆಗಸ್ಟಿನಲ್ಲಿ ಇಡೀ ದ್ವೀಪಕ್ಕೆ 250 ಗಂಡು ಸಾರಂಗ ಎಂಬ ಮಿತಿ ಹಾಕಿ ಮತ್ತೆ ಬಿಟ್ಟರು.

ಇನ್ನು ಕೇಂದ್ರದ ವಿಷಯ. ಕಾಜುಕ್ ಎಂದರೆ ಇನುಕ್ಟಿಟುಟ್ ಭಾಷೆಯಲ್ಲಿ ಸಾರು. ಗಂಜಿಕೇಂದ್ರದಂತೆ ಇದ್ದ ಹಳೆಯ ಸಂಸ್ಥೆಯೇ ಬೆಳೆದು ಈ ಆಹಾರ ಕೇಂದ್ರವಾಗಿದೆ. ಮಧ್ಯಾಹ್ನದ ಬಿಸಿ ಊಟ ಯಾರಿಗಾದರೂ ಉಚಿತ. ಬಂದವರ ಆದಾಯ ಎಷ್ಟು ಎಂದು ವಿಚಾರಿಸುವುದಿಲ್ಲ, ಕಾಗದಪತ್ರ ಕೇಳುವುದಿಲ್ಲ. ನಾನು ಬಡಿಸುತ್ತಿದ್ದ ಸಾಲಿನಲ್ಲಿ ಮನೆಯಿಲ್ಲದವರಿದ್ದರು, ಮೊಮ್ಮಕ್ಕಳ ಕೈಹಿಡಿದು ಬಂದ ಅಜ್ಜಿಯರಿದ್ದರು, ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದವರೂ ಇದ್ದರು. ಯಾರು ಬಡವರು, ಯಾರು ಅಲ್ಲ ಎಂದು ತಟ್ಟೆ ನೋಡಿ ಹೇಳುವಂತಿರಲಿಲ್ಲ. ಈ ಒಂದು ಸಂಗತಿಯನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ.

ಕೇಂದ್ರ ಸ್ಥಳೀಯ ಬೇಟೆಗಾರರಿಂದ ಮೀನು-ಮಾಂಸವನ್ನು ಹಣ ಕೊಟ್ಟು ಕೊಳ್ಳುತ್ತದೆ. ಅದು ಊಟಕ್ಕೂ ಬರುತ್ತದೆ, ಆಹಾರದ ಪೆಟ್ಟಿಗೆಗಳಿಗೂ ಹೋಗುತ್ತದೆ; ಆ ಪೆಟ್ಟಿಗೆಗಳನ್ನು ಕೈಲಾದಷ್ಟು ಕೊಟ್ಟು ಒಯ್ಯಬಹುದು. ಇದರ ಜೊತೆಗೆ ಇನುಯಿಟ್ ಯುವಜನರಿಗೆ ಅಡುಗೆ ವೃತ್ತಿಯ ತರಬೇತಿಯೂ ಇದೆ. ಒಮ್ಮೆ ಚಾರ್ ಮೀನು ಬಂದ ದಿನ, ಹಿರಿಯಾಕೆಯೊಬ್ಬರು ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ್ದ ಮೀನನ್ನು ಅದರ ಮೇಲಿಟ್ಟು, ಉಲು ಎಂಬ ಅರ್ಧಚಂದ್ರಾಕಾರದ ಕತ್ತಿಯಿಂದ ಹಸಿಯಾಗಿಯೇ ತೆಳ್ಳಗೆ ಹೆರೆಯುತ್ತಿದ್ದರು. ತರಬೇತಿಗೆ ಬಂದಿದ್ದ ಹುಡುಗನೊಬ್ಬ ಮೊಣಕಾಲೂರಿ ಕುಳಿತು ನೋಡುತ್ತಿದ್ದ. ಅವರು ಒಂದು ಮಾತೂ ಆಡದೆ ಕತ್ತಿಯನ್ನು ಅವನ ಕೈಗಿಟ್ಟು, ಅವನ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ತಿರುಗಿಸಿದರು. ಮುಂದಿನ ಹೆರೆ ಕೆಂಪಗೆ, ಹಾಳೆಯಷ್ಟು ತೆಳ್ಳಗೆ ಬಂತು. ಆ ಮೀನಿಗೆ ಕೊಟ್ಟ ಹಣ ಊರಿನ ಬೇಟೆಗಾರನ ಮುಂದಿನ ಪಯಣದ ಪೆಟ್ರೋಲಾಯಿತು, ಹುಡುಗನಿಗೆ ಕೈಕೆಲಸವಾಯಿತು, ಉಳಿದವರಿಗೆ ಊಟವಾಯಿತು. ನಿಮ್ಮ ಅಕ್ಕಿಯ ಚೀಲದಿಂದ ಊಟ ಖಂಡಿತ ಆಗುತ್ತದೆ, ಮೊದಲಿನ ಎರಡು ಆಗುವುದಿಲ್ಲ. ನನ್ನ ಸಲಹೆ ಹಣ ಕಳಿಸಿರಿ ಎಂಬುದೇ.

ಉತ್ತರ 2

ನಾನು ಮಾಂಟ್ರಿಯಲ್‌ನಲ್ಲಿ ಸರಕು ಸಾಗಣೆಯ ಕೆಲಸದಲ್ಲಿರುವುದರಿಂದ ಸಾಗಣೆಯ ಮಟ್ಟಿಗೆ ಮಾತ್ರ ಹೇಳುತ್ತೇನೆ. ಉತ್ತರಕ್ಕೆ ಎರಡು ದಾರಿ. ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ಮಾಂಟ್ರಿಯಲ್ ಸುತ್ತಲಿನ ಬಂದರುಗಳಿಂದ ಹಡಗು ಹೋಗುತ್ತದೆ, ಅದರ ದರ ಕಡಿಮೆ. ಉಳಿದ ದಿನಗಳಲ್ಲಿ ವಿಮಾನ, ಅದರ ದರ ಹೆಚ್ಚು. ನೀವು ಹಣ ಕೂಡಿಸುವುದು ನವೆಂಬರಿನಲ್ಲಿ, ಅಂದರೆ ಹಡಗು ನಿಂತ ಮೇಲೆ. ಅಕ್ಕಿ, ಬೇಳೆ, ಹಿಟ್ಟು ಹಗುರದ ವಸ್ತುಗಳಲ್ಲ. ಕಿಲೋ ಲೆಕ್ಕದಲ್ಲಿ ವಿಮಾನಕ್ಕೆ ತೆತ್ತರೆ ಸಾಗಣೆಯ ಖರ್ಚು ಅಕ್ಕಿಯ ಬೆಲೆಯನ್ನೇ ಮೀರುತ್ತದೆ.

ಇನ್ನೊಂದು ಮಾತನ್ನೂ ಗಮನಿಸಬೇಕು. ಈ ಹಡಗಿನ ಲಾಭ ಸಿಗುವುದು ಉಳ್ಳವರಿಗೆ. ವರ್ಷಕ್ಕಾಗುವ ದಿನಸಿಯನ್ನು ಬೇಸಿಗೆಯಲ್ಲೇ ಒಟ್ಟಿಗೆ ತರಿಸಿಕೊಂಡರೆ ಅಗ್ಗವಾಗುತ್ತದೆ, ಆದರೆ ಅದಕ್ಕೆ ಮುಂಗಡವಾಗಿ ಸಾವಿರಾರು ಡಾಲರ್ ಬೇಕು, ಇಡಲು ಜಾಗವೂ ಬೇಕು. ಕೈಯಲ್ಲಿ ಹಣವಿಲ್ಲದವರು ವಾರವಾರ ವಿಮಾನದ ಬೆಲೆಗೇ ಕೊಳ್ಳಬೇಕಾಗುತ್ತದೆ. ಸಂಸ್ಥೆಯೊಂದು ಸಗಟಾಗಿ ತರಿಸಿ ದಾಸ್ತಾನು ಇಟ್ಟುಕೊಳ್ಳಬಲ್ಲದು, ಒಂಟಿ ಸಂಸಾರಕ್ಕೆ ಅದು ಸಾಧ್ಯವಿಲ್ಲ. ಈ ಕಾರಣಕ್ಕೂ ನಾನು ಹಣದ ಪರ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಸಾರ್ವಜನಿಕ ಆರೋಗ್ಯವನ್ನು ಓದಿದವಳಾಗಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕೆನಿಸುತ್ತದೆ, ದಯವಿಟ್ಟು ಇದನ್ನು ಕೇಂದ್ರದ ವಿರುದ್ಧದ ಮಾತೆಂದು ತಿಳಿಯಬಾರದು.

2007–08ರಲ್ಲಿ ನಡೆದ ಇನುಯಿಟ್ ಆರೋಗ್ಯ ಸಮೀಕ್ಷೆಯ ಪ್ರಕಾರ ನುನಾವುಟ್‌ನ ಇನುಯಿಟ್ ಮನೆಗಳಲ್ಲಿ ನೂರಕ್ಕೆ ಸುಮಾರು 70 ಮನೆಗಳಿಗೆ ಸಾಕಷ್ಟು ಆಹಾರದ ಭರವಸೆ ಇರಲಿಲ್ಲ. ಹತ್ತು ವರ್ಷಗಳ ನಂತರ, 2017–18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇಡೀ ನುನಾವುಟ್‌ಗೆ ಬಂದ ಅಂಕಿ ನೂರಕ್ಕೆ 57. ಆಗ ಕೆನಡಾದ ಒಟ್ಟು ಪ್ರಮಾಣ ನೂರಕ್ಕೆ 13ರ ಹತ್ತಿರವಿತ್ತು. ಅರ್ಧಕ್ಕಿಂತ ಹೆಚ್ಚು ಮನೆಗಳ ಕಷ್ಟವನ್ನು ಒಂದು ಅಡುಗೆಮನೆ ಹೊರಲಾರದು. ಈ ಸ್ಥಿತಿ ತಾನಾಗಿ ಬಂದದ್ದೂ ಅಲ್ಲ. 1950–60ರ ದಶಕಗಳಲ್ಲಿ ಅಲೆಮಾರಿಗಳಾಗಿದ್ದ ಜನರನ್ನು ಊರುಗಳಿಗೆ ತಂದು ನೆಲೆಗೊಳಿಸಲಾಯಿತು. ಬೇಟೆಗೆ ಆಧಾರವಾಗಿದ್ದ ಅವರ ಜಾರುಬಂಡಿ ನಾಯಿಗಳು ಕೊಲ್ಲಲ್ಪಟ್ಟವು. ಕಿಕಿಕ್ತಾನಿ, ಅಂದರೆ ಬ್ಯಾಫಿನ್ ಪ್ರದೇಶದ, ಸತ್ಯಶೋಧನಾ ಆಯೋಗ ಇದನ್ನೆಲ್ಲ ದಾಖಲಿಸಿದ ಮೇಲೆ, 2019ರ ಆಗಸ್ಟಿನಲ್ಲಿ ಕೆನಡಾ ಸರ್ಕಾರ ಇಕಾಲುಯಿಟ್‌ನಲ್ಲೇ ಕ್ಷಮೆ ಕೋರಿತು. ಊರು ಸೇರಿದ ಬೇಟೆಗಾರರಿಗೆ ಉಳಿದಿದ್ದ ಸಂಪಾದನೆ ಸೀಲ್ ಚರ್ಮದ್ದು. 1983ರಲ್ಲಿ ಯುರೋಪಿನ ದೇಶಗಳು ಮರಿಸೀಲ್ ಚರ್ಮದ ಆಮದನ್ನು ನಿಲ್ಲಿಸಿದಾಗ, ಮರಿಗಳನ್ನು ಕೊಲ್ಲದ ಇನುಯಿಟ್ ಬೇಟೆಗಾರರ ಮಾರುಕಟ್ಟೆಯೂ ಅದರೊಡನೆ ಕುಸಿಯಿತು. ಪೆಟ್ರೋಲಿಗೆ ಹಣವಿಲ್ಲದ ಇಂದಿನ ಬೇಟೆಗಾರನ ಕಥೆ ಅಲ್ಲಿಂದ ಶುರುವಾಗುತ್ತದೆ.

ಉತ್ತರದ ಊರುಗಳಲ್ಲಿ ಆಹಾರದ ಬೆಲೆ ಇಳಿಸುವ ಸರ್ಕಾರದ ಮುಖ್ಯ ಯೋಜನೆ ನ್ಯೂಟ್ರಿಷನ್ ನಾರ್ತ್ ಕೆನಡಾ 2011ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರ ಸಹಾಯಧನ ಅಂಗಡಿಗಳಿಗೆ ಹೋಗುತ್ತದೆ, ಅವರು ಅದನ್ನು ಬೆಲೆಯಲ್ಲಿ ಇಳಿಸಬೇಕು. ಪೂರ್ತಿಯಾಗಿ ಇಳಿಸುತ್ತಿದ್ದಾರೆಯೇ ಎಂಬುದನ್ನು ಇಲಾಖೆ ಖಚಿತಪಡಿಸಿಕೊಂಡಿಲ್ಲವೆಂದು ಮಹಾಲೆಕ್ಕಪರಿಶೋಧಕರು 2014ರಲ್ಲಿ ಹೇಳಿದರು. ಇನ್ನೊಂದು ಕಡೆ, ಇನುಯಿಟ್ ಮಕ್ಕಳ ಯೋಜನೆಯಡಿ ಮಗುವೊಂದಕ್ಕೆ ತಿಂಗಳಿಗೆ 500 ಡಾಲರ್ ಮೌಲ್ಯದ ಆಹಾರ ಚೀಟಿ ಸಿಗುತ್ತಿತ್ತು. 2025ರ ಮಾರ್ಚ್ ಕೊನೆಗೆ ಅದು ನಿಂತಿತು. ಸಂಸಾರದ ಕೈಗೆ ನೇರವಾಗಿ ಕೊಳ್ಳುವ ಶಕ್ತಿ ಬಂದರೆ ಹಸಿವು ತಗ್ಗುತ್ತದೆ, ಅದನ್ನು ಕಿತ್ತುಕೊಂಡರೆ ಜನ ಮತ್ತೆ ಊಟದ ಸಾಲಿಗೆ ಬರುತ್ತಾರೆ. ಆದ್ದರಿಂದ ಹಣ ಕೊಡಿ, ಜೊತೆಗೆ ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರವನ್ನೂ ಬರೆಯಿರಿ. ಒಟ್ಟಾವಾದಲ್ಲಿರುವ ನಿಮಗೆ ಸಂಸತ್ತು ಹತ್ತಿರವೇ ಇದೆ.

ಉತ್ತರ 1 (ಮತ್ತೆ)

ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕೇಂದ್ರದವರೂ ಇದನ್ನೇ ಹೇಳುತ್ತಾರೆಂಬುದನ್ನು ಸೇರಿಸಬೇಕು. ಟೊರೊಂಟೊದ ದಿ ಸ್ಟಾಪ್ ಎಂಬ ಕೇಂದ್ರದ ಅನುಭವದಿಂದ 2012ರಲ್ಲಿ ಹುಟ್ಟಿದ ಕಮ್ಯೂನಿಟಿ ಫುಡ್ ಸೆಂಟರ್ಸ್ ಕೆನಡಾ ಸಂಸ್ಥೆಯ ಜೊತೆಗೂಡಿ ನಡೆಯುವ ಕೇಂದ್ರಗಳಲ್ಲಿ ಇದೂ ಒಂದು. ಊಟ ಹಾಕುವುದು, ಅಡುಗೆ ಕಲಿಸುವುದು, ಬಡತನದ ಬಗ್ಗೆ ಸರ್ಕಾರದ ಮುಂದೆ ದನಿ ಎತ್ತುವುದು, ಈ ಮೂರನ್ನೂ ಬೇರ್ಪಡಿಸದೆ ಮಾಡಬೇಕೆಂಬುದು ಆ ಕೇಂದ್ರಗಳ ತತ್ವ.

ಬೇಟೆಯ ಮಾಂಸಕ್ಕೆ ಬೆಲೆ ಕಟ್ಟುವುದರ ಬಗ್ಗೆ ಅಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನೂ ಮುಚ್ಚಿಡಬಾರದು. ತಂದದ್ದನ್ನು ಹಂಚಿ ತಿನ್ನುವುದು ಇನುಯಿಟ್ ಸಂಪ್ರದಾಯ. ಮಾರುವುದೆಂದರೆ ಕೆಲವು ಹಿರಿಯರಿಗೆ ಮನಸ್ಸು ಒಪ್ಪುವುದಿಲ್ಲ. ನನಗನ್ನಿಸುವಂತೆ, ಬೇಟೆಗಾರನಿಂದ ಕೊಂಡು ಊರಿಗೆಲ್ಲ ಉಚಿತವಾಗಿ ಬಡಿಸುವಾಗ ಹಂಚುವ ಕೆಲಸ ನಿಲ್ಲುವುದಿಲ್ಲ, ಅದರ ಖರ್ಚನ್ನು ಬೇಟೆಗಾರನೊಬ್ಬನೇ ಹೊರುವುದು ಮಾತ್ರ ತಪ್ಪುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಭೆಯಲ್ಲಿ ಈ ಉತ್ತರಗಳನ್ನು ಓದಿ ಹೇಳಿದೆ. ವಿಮಾನದ ಖರ್ಚಿನ ಮಾತು ಬಂದಾಗಲೇ ಪೆಟ್ಟಿಗೆ ಕಟ್ಟುವ ಯೋಚನೆ ಬಿಟ್ಟರು. ಅದಕ್ಕೆಂದು ಬಲವಾಗಿ ವಾದಿಸಿದ್ದ ನಮ್ಮ ಹಿರಿಯರೊಬ್ಬರು, ಬೇಟೆಗಾರನ ಪೆಟ್ರೋಲಿನ ವಿಷಯ ಕೇಳಿದ ಮೇಲೆ ತಮ್ಮ ಪಾಲನ್ನು ಇಮ್ಮಡಿ ಮಾಡುವುದಾಗಿ ತಾವೇ ಹೇಳಿದರು. ಕೂಡಿದ ಹಣವನ್ನು ಕೇಂದ್ರಕ್ಕೆ ಕೊಡುತ್ತೇವೆ, ಇದಕ್ಕೇ ಬಳಸಿ ಎಂಬ ಷರತ್ತು ಹಾಕುವುದಿಲ್ಲ. ಸಂಸದರಿಗೆ ಬರೆಯುವ ಪತ್ರದ ಕರಡನ್ನು ಇಬ್ಬರು ಸಿದ್ಧಪಡಿಸುತ್ತಿದ್ದಾರೆ. ಆಹಾರ ಚೀಟಿ ನಿಂತ ವಿಷಯವನ್ನೇ ಅದರಲ್ಲಿ ಮುಖ್ಯವಾಗಿ ಎತ್ತಬೇಕೆಂದಿದ್ದೇವೆ, ತಿದ್ದುವುದಿದ್ದರೆ ಮೇಡಂ ಒಮ್ಮೆ ನೋಡಿಕೊಡಬೇಕೆಂದು ಕೋರುತ್ತೇನೆ. ಕೊಂಡಿಟ್ಟ ಆರು ಚೀಲ ಅಕ್ಕಿಯನ್ನು ಶನಿವಾರ ನಮ್ಮ ಬಡಾವಣೆಯ ಆಹಾರ ಬ್ಯಾಂಕಿಗೆ ಮುಟ್ಟಿಸುತ್ತೇವೆ.