ಕುದುರೆ ಒಪ್ಪದ ನೀರು

ಗೋಣಿಕೊಪ್ಪಲಿನ ಆಚೆ ತೋಟ ಮಾಡಿಕೊಂಡಿರುವ ನಮ್ಮ ನಿವೃತ್ತ ಸುಬೇದಾರರಿಗೆ ಒಂದು ಕುದುರೆಯಿದೆ. ಅದನ್ನು ಮೈಸೂರಿಗೆ ಕರೆದೊಯ್ಯಲು ಜೀಪಿನ ಹಿಂದೆ ಕಟ್ಟುವ ಟ್ರೈಲರೂ ಇದೆ. ಟ್ರೈಲರಿನಲ್ಲಿರುವ 100 ಲೀಟರಿನ ಬಿಳಿ ಟ್ಯಾಂಕಿನ ನೀರನ್ನು ಕುದುರೆಯು ಮೂಸಿ ನೋಡಿ ಮುಖ ತಿರುಗಿಸಿತೆಂಬ ಸುದ್ದಿ ಭಾನುವಾರ ಅವರ ಜಗಲಿಯಲ್ಲಿ ಚರ್ಚೆಗೆ ಬಂದಿತು. ಹೊರಗೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಸುರಿಯುತ್ತಿರುವಾಗ ಒಳಗೆ ಕುಡಿಯುವ ನೀರಿನ ಚಿಂತೆ ಮಾಡುವ ಯೋಗ ಎಲ್ಲರಿಗೂ ದೊರೆಯುವುದಿಲ್ಲ.

“ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು. ಕುಡಿಯದಿದ್ದರೆ ಹೊಟ್ಟೆಶೂಲೆ ಬರಬಹುದು. ಇದು ನಗುವ ವಿಷಯವಲ್ಲ” ಎಂದರು ಸುಬೇದಾರರು. ನಾವು ನಗುವುದನ್ನು ಮುಂದೂಡಿದೆವು.

ಅವರ ತೋಟದ ಲೆಕ್ಕ ಬರೆಯುವ ರೈಟರು ಕೂಡಲೇ ಪರಿಹಾರ ಸೂಚಿಸಿದರು: “ಟ್ಯಾಂಕಿನಲ್ಲಿ ಪಾಚಿ ಕಟ್ಟಿರಬೇಕು. ಅದಕ್ಕೆ ಮೈಲುತುತ್ತದಂಥ ಮದ್ದಿಲ್ಲ ಸಾರ್. ಮೆಣಸಿನ ಬಳ್ಳಿಗೆ ಹೊಡೆದು ಮಿಕ್ಕ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಒಂದು ಚೊಂಬು ಸುರಿದುಬಿಡೋಣ.”

“ಪಾಚಿಯ ಜೊತೆಗೆ ಕುದುರೆಯ ಚಿಂತೆಯೂ ತೀರುತ್ತದೆ” ಎಂದರು ದನದ ಡಾಕ್ಟರು. “ಮೈಲುತುತ್ತದಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ, ಆದರೆ ಅದು ಕುಡಿಯುವ ನೀರಿಗೆ ಸೇರಬಾರದು. ಬೋರ್ಡೋ ಕಲಸಿದ ಡ್ರಮ್ಮಿನಿಂದಲೂ, ಔಷಧಿ ಹೊಡೆಯುವ ಪೈಪಿನಿಂದಲೂ ಈ ಟ್ಯಾಂಕಿಗೆ ನೀರು ತುಂಬಿಸಬೇಡಿ.”

ಬಳಿಕ ಅವರು ಕೊಡೆ ಹಿಡಿದು ಟ್ರೈಲರಿನ ಬಳಿಗೆ ಹೋದರು. ಮುಚ್ಚಳ ತೆಗೆದು, ಟ್ಯಾಂಕಿನ ಒಳಗೋಡೆಯನ್ನು ತೋರುಬೆರಳಿನಿಂದ ಸವರಿ, ಉಗುರಿನ ಸಂದಿಗೆ ಸೇರಿದ ಕಂದುಹಸಿರು ಲೋಳೆಯನ್ನು ಪ್ರತಿಯೊಬ್ಬರ ಮೂಗಿನ ಮುಂದೆಯೂ ಹಿಡಿದರು. ಬಿಳಿ ಟ್ಯಾಂಕಿನೊಳಕ್ಕೆ ಬೆಳಕು ನುಸುಳುವುದರಿಂದ ಪಾಚಿ ಬೆಳೆಯುತ್ತದೆಂದೂ, ಅದಕ್ಕೆ ಕಪ್ಪು ಹೊದಿಕೆ ಬೇಕೆಂದೂ, ಲೋಳೆಯನ್ನು ಮೊದಲು ಉಜ್ಜಿ ತೆಗೆಯದಿದ್ದರೆ ಹಾಕಿದ ಕ್ಲೋರಿನ್ನೆಲ್ಲ ಆ ಕೊಳೆಯಲ್ಲೇ ಕರಗಿಹೋಗುತ್ತದೆಂದೂ ಅವರು ವಿವರಿಸಿದರು. ಉಜ್ಜಿದ ಮೇಲೆ ಟ್ಯಾಂಕನ್ನು ತುಂಬಿ, ಶೇಕಡಾ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ, ಪರಿಮಳ ಬೆರೆಸದ ಬ್ಲೀಚಿಂಗ್ ದ್ರಾವಣವನ್ನು 100 ಮಿಲಿಲೀಟರಿನಷ್ಟು ಹಾಕಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ನಲ್ಲಿಯಲ್ಲೂ ಪೈಪಿನಲ್ಲೂ ಅದನ್ನು ಹರಿಯಬಿಟ್ಟು, ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಪೂರ್ತಿ ಚೆಲ್ಲಿ, ವಾಸನೆ ಹೋಗುವವರೆಗೆ ತೊಳೆಯಬೇಕು.

“ವಾಸನೆ ಹೋಗಲು ಅದರ ಜೊತೆಗೇ ನಾಲ್ಕು ಚಮಚ ಕಾಚಂಪುಳಿ ಹಾಕಿದರೆ?” ಎಂದು ಮೇಷ್ಟ್ರು ಕೇಳಿದರು.

“ಮೇಷ್ಟ್ರೇ, ಬ್ಲೀಚಿಂಗಿಗೆ ಹುಳಿ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕಾಚಂಪುಳಿ ಪಂದಿಕರಿಗೆ ಇರಲಿ.”

ಪ್ರಯಾಣ ಮುಗಿದ ಕೂಡಲೇ ಟ್ಯಾಂಕನ್ನು ಬರಿದು ಮಾಡಿ, ಒಣಗಿಸಿ ಇಡಬೇಕೆಂಬುದು ಡಾಕ್ಟರ ಕೊನೆಯ ಅಪ್ಪಣೆ. ಕಕ್ಕಡದಲ್ಲಿ ಕೊಡಗಿನ ಯಾವ ವಸ್ತು ತಾನಾಗಿ ಒಣಗಿದೆಯೆಂದು ನಾನು ಕೇಳಿದೆ. ಟ್ಯಾಂಕನ್ನು ಬಿಚ್ಚಿ ಅಡುಗೆಮನೆಯ ಒಲೆಯ ಬಳಿ ಇಡಬಹುದೆಂದು ಮೇಷ್ಟ್ರು ಹೇಳುತ್ತಿದ್ದಂತೆಯೇ ಒಳಗಿನಿಂದ ಸುಬೇದಾರರ ಪತ್ನಿಯ ಕೆಮ್ಮು ಕೇಳಿಸಿದ್ದರಿಂದ ಆ ಸಲಹೆ ಅಲ್ಲಿಗೇ ಬಿದ್ದುಹೋಯಿತು. ಬಟ್ಟೆಯಿಂದ ಒರೆಸುವುದೆಂದು ತೀರ್ಮಾನವಾಯಿತು.

“ಇಷ್ಟೆಲ್ಲ ಮಾಡಿದ ಮೇಲೂ ಕುದುರೆ ಮುಖ ತಿರುಗಿಸಿದರೆ?” ಎಂದರು ಸುಬೇದಾರರು.

“ಮನೆಯ ಬಾವಿಯ ನೀರನ್ನೇ ತುಂಬಿಕೊಂಡು ಹೋಗಿ. ಹೊರಡುವ ಕೆಲವು ದಿನ ಮೊದಲೇ ನೀರಿಗೆ ಚೂರು ಬೆಲ್ಲ ಹಾಕಿ ರೂಢಿ ಮಾಡಿಸಿ. ಆದರೆ ಬೆಲ್ಲ ಬಕೆಟ್ಟಿಗೆ ಮಾತ್ರ. ಟ್ಯಾಂಕಿಗೆ ಹಾಕಿದರೆ ಲೋಳೆಯನ್ನೇ ಸಾಕಿದಂತಾಗುತ್ತದೆ.”

ರೈಟರು ಜೇಬಿನಿಂದ ಪುಸ್ತಕ ತೆಗೆದರು. “ಸಾರ್, ಈ ಬೆಲ್ಲವನ್ನು ಗೊಬ್ಬರದ ಲೆಕ್ಕಕ್ಕೆ ಬರೆಯಲೋ, ಕೂಲಿಯ ಲೆಕ್ಕಕ್ಕೋ?”